ಮಾನ್ವೆಲ್ ಕಟ್ಟಿದ ಮಣಿಚೀಲ

ಮಾನ್ವೆಲ್ ತೀರಿಕೊಂಡು ಇವತ್ತಿಗೆ ಹದಿನೇಳು ದಿನ. ಹಳಿಯಾಳ ಸೀಮೆಯ ಸಾಂಬ್ರಾಣಿ ಊರಿನ ಹತ್ತಿರದ ಸಿದ್ದಿಗಳ ಕೇರಿಯ ಹಿಂದೆ, ಮತ್ತಿಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದರು. ಪಾದ್ರಿಗಳ ಪ್ರಾರ್ಥನೆ ಇನ್ನೂ ನಡೆದಿತ್ತು. ಹಳಿಯಾಳದಿಂದ ಬಂದಿದ್ದ ಇಬ್ಬರು ಗುಂಪಿನ ಹಿಂದೆ ನಿಂತು ಪಿಸುಗುಟ್ಟಿದ್ದು ಮುಂದೆ ನಿಂತವರಿಗೂ ಕೇಳಿಸಿತು.

"ಆ ಎಸೆನ್ಸ್ ಫ್ಯಾಕ್ಟರಿ ಮಣಿ ಕದ್ದಾಂವ ಇವನ ಏನು?"

"ಇವನ. ಕೇಸು ಹೊರಗ ಬರಲಿಲ್ಲ ಅಷ್ಟ."

ಕೇಸು ಹೊರಗೆ ಬರಲಿಲ್ಲ, ಯಾಕೆಂದರೆ ಕಳವೇ ಆಗಿರಲಿಲ್ಲ. ಆದ ಕಳವನ್ನಾದರೂ ಯಾರೋ ಒಬ್ಬರು ಮರೆಯುತ್ತಾರೆ. ಆಗದ ಕಳವನ್ನು ಮಾತ್ರ ಊರು ಮರೆಯುವುದಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಒಳ್ಳೆಯದು.

ಮಾನ್ವೆಲ್ ಹುಟ್ಟಿದ್ದು ಅದೇ ಕೇರಿಯಲ್ಲಿ. ನಾಲ್ಕನೇ ಇಯತ್ತೆ ಓದಿದ್ದ. ಹದಿನೈದು ವರ್ಷ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಕಡಿದು ಕೊಡುವ ಗುತ್ತಿಗೆದಾರರ ಕೈಕೆಳಗೆ ದುಡಿದ. ಬೇಸಗೆಯಲ್ಲಿ ಎತ್ತರದ ಮರಗಳಿಂದ ಜೇನು ಇಳಿಸುತ್ತಿದ್ದ. ಒಮ್ಮೆ ಬಿದಿರಿನ ಹೊರೆ ಜಾರಿ ಎಡಮೊಣಕಾಲಿನ ಮೇಲೆ ಬಿತ್ತು. ಆಮೇಲೆ ಮರ ಹತ್ತುವುದು ನಿಂತಿತು. ಎಂಬತ್ತನಾಲ್ಕರ ಮಳೆಗಾಲ ಮುಗಿದ ಮೇಲೆ ಅವನು ಹಳಿಯಾಳಕ್ಕೆ ಬಂದು ಚನಬಸಪ್ಪ ಸಾವ್ಕಾರರ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ.

ದಾಂಡೇಲಿ ರಸ್ತೆಯ ಬದಿಗೆ ಚನಬಸಪ್ಪನ ಮನೆ. ಅದರ ಹಿತ್ತಲಲ್ಲೇ ಶೆಡ್ಡು. ಮೊದಲು ಅಲ್ಲಿ ಶೇಂಗಾ ಎಣ್ಣೆಯ ಗಾಣವಿತ್ತು. ಗಾಣ ಕಿತ್ತು ಚನಬಸಪ್ಪ ಎಸೆನ್ಸ್ ಮಾಡಲು ಹೊರಟಿದ್ದ. ಶರಬತ್ತು, ಪೆಪ್ಪರ್‌ಮಿಂಟ್ ಮಾಡುವವರು ಹಾಕಿಕೊಳ್ಳುವ ಬಾಳೆಹಣ್ಣಿನ ವಾಸನೆಯ ಎಣ್ಣೆ ಅದು. ಓದಿದವರು ಅದಕ್ಕೆ ಎಸ್ಟರ್ ಅನ್ನುತ್ತಾರೆ. ಅದನ್ನು ಮಾಡಿಸಲು ಅಣ್ಣಿಗೇರಿಯ ಅಂದಾನೆಪ್ಪನನ್ನು ಕರೆಸಿದ್ದ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಎರಡು ವರ್ಷ ಮುಂಬೈಯಲ್ಲಿ ಕೆಲಸ ಮಾಡಿ ಬಂದ ಹುರುಪಿನ ಮನುಷ್ಯ.

ಮೊದಲು ಗಂಧಕಾಮ್ಲ ಹಾಕಿ ಕುದಿಸುತ್ತಿದ್ದರು. ಹಂಡೆ ತೂತು ಬಿದ್ದವು, ಕೈ ಸುಟ್ಟವು, ಎಣ್ಣೆ ಕಪ್ಪಾಯಿತು. ಆಗ ಅಂದಾನೆಪ್ಪ ಮುಂಬೈಯಲ್ಲಿ ನೋಡಿದ್ದ ಹೊಸ ದಾರಿ ಹಿಡಿದ. ಲೈಪೇಸ್ ಎಂಬ ಕಿಣ್ವ ತರಿಸಿದ. ಬೂದಿಬಣ್ಣದ ಪುಡಿ, ಕೈಯಳತೆಯ ಡಬ್ಬಿ, ಚಿನ್ನದಂಥ ಬೆಲೆ. ಅದನ್ನು ನೇರ ಎಣ್ಣೆಗೆ ಸುರಿದರೆ ಒಂದು ಸಲಕ್ಕೆ ಮುಗಿದುಹೋಗುತ್ತದೆ. ಅದಕ್ಕೆ ಸಾಸಿವೆ ಕಾಳಿನಷ್ಟು ಸಣ್ಣ ರಾಳದ ಮಣಿಗಳನ್ನು ತರಿಸಿ, ಪುಡಿ ಕದಡಿದ ತಣ್ಣೀರಿನಲ್ಲಿ ಒಂದು ದಿನ ನೆನೆಹಾಕಿದ. ಕಿಣ್ವ ಮಣಿಯ ಸಣ್ಣ ಸಣ್ಣ ರಂಧ್ರಗಳಲ್ಲಿ ಹೊಕ್ಕು ಅಂಟಿಕೊಳ್ಳುತ್ತದೆ. ಬಳಿಕ ನೀರು ಬಸಿದು ನೆರಳಲ್ಲಿ ಆರಿಸುವುದು. ಪೂರ್ತಿ ಒಣಗಬಾರದು, ಒದ್ದೆಯೂ ಇರಬಾರದು. ಆ ಹದ ಮುಟ್ಟಿ ನೋಡಿ ಹೇಳುವುದು ಮಾನ್ವೆಲ್‌ನ ಕೆಲಸವಾಯಿತು.

"ಇದು ಹೆಪ್ಪು ಇದ್ದಂಗ, ಮಾನ್ವೆಲ್," ಅಂದ ಅಂದಾನೆಪ್ಪ.

"ಹೆಪ್ಪು ಮೊಸರಿನಾಗ ಕೂಡಿ ಹೋಗ್ತೈತಲ್ರಿ ಸರ. ತಿರುಗಿ ಸಿಗೂದಿಲ್ಲ."

"ಅದ ನೋಡು. ಮಣಿಗೆ ಅಂಟಿಸಿಬಿಟ್ರ ಸಿಗ್ತೈತಿ."

ಮಾನ್ವೆಲ್ ಅಂಗೈಯಲ್ಲಿ ನಾಲ್ಕು ಮಣಿ ಹೊರಳಿಸಿ ನೋಡಿದ. "ಹಂಗಾರ ಇದು ಹೆಪ್ಪಲ್ರಿ, ಜೇನಹುಟ್ಟಿ. ಹುಳ ಅಲ್ಲೇ ಇರ್ತಾವ, ತುಪ್ಪ ಅಷ್ಟ ಕೆಳಗ ಇಳೀತೈತಿ."

ಅಂದಾನೆಪ್ಪ ನಕ್ಕುಬಿಟ್ಟ. ಅದಕ್ಕಿಂತ ಚಲೋ ಹೇಳುವುದು ಅವನಿಗೂ ಬರುತ್ತಿರಲಿಲ್ಲ.

ಮಣಿಗಳನ್ನು ಉದ್ದನೆಯ ಮಲ್ಮಲ್ ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಳೆತ್ತರದ ಗಾಜಿನ ಕೊಳವೆಯೊಳಗೆ ಇಳಿಬಿಡುತ್ತಿದ್ದರು. ಚೀಲ ಕಟ್ಟುವುದೂ ಮಾನ್ವೆಲ್ಲೇ. ಜೇನು ಇಳಿಸುವಾಗ ಕೊಡದ ಕಂಠಕ್ಕೆ ಹಾಕುವ ಗಂಟು ಹಾಕುತ್ತಿದ್ದ. ಎರಡು ಸುತ್ತು ಸುತ್ತಿ, ತನ್ನ ಅಡಿಗೇ ತೂರಿಸುವ ಗಂಟು; ಭಾರ ಬಿದ್ದಷ್ಟೂ ಬಿಗಿ, ಬಾಲ ಎಳೆದರೆ ಒಂದೇ ಎಳೆತಕ್ಕೆ ಸಡಿಲ. ಕೊಳವೆಗೆ ಮೇಲಿನಿಂದ ಎರಡು ದ್ರವ ಹನಿಹನಿಯಾಗಿ ಬೀಳುತ್ತಿದ್ದವು. ಒಂದು ಸಾರಾಯಿ ಭಟ್ಟಿಯ ಉಳಿಕೆಯಿಂದ ತೆಗೆದದ್ದು, ಇನ್ನೊಂದು ಕೆಟ್ಟ ತುಪ್ಪದ ವಾಸನೆಯ ಆಮ್ಲ. ಅದರ ನಾತ ಮೂಗು ಹಿಡಿಸುವಂಥದು. ಮೇಲೆ ಆ ನಾತ ಹೋದರೆ ಕೆಳಗೆ ಮಾಗಿದ ಬಾಳೆಹಣ್ಣು ಬರುತ್ತಿತ್ತು. ಒಮ್ಮೆ ಕಟ್ಟಿದ ಚೀಲ ಮೂರು ತಿಂಗಳಿಗೆ ಮೋಸವಿಲ್ಲ ಎಂದು ಅಂದಾನೆಪ್ಪ ಸಾವ್ಕಾರರಿಗೆ ಮಾತು ಕೊಟ್ಟಿದ್ದ.

ಕೆಳಗೆ ಬಂದ ಹನಿ ಹಣ್ಣಾಗಿದೆಯೋ ಕಾಯಾಗಿದೆಯೋ ಅಂತ ಅಂದಾನೆಪ್ಪ ಪರೀಕ್ಷೆ ಮಾಡಿ ಹೇಳಲು ಅರ್ಧ ತಾಸು ಬೇಕು. ಮಾನ್ವೆಲ್‌ಗೆ ಒಂದು ಉಸಿರು ಸಾಕು.

ಎಂಬತ್ತಾರರ ಯುಗಾದಿಯಾದ ಮೇಲಿನ ಮೊದಲ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಕೊಳವೆಯ ಕೆಳಗೆ ಮೂಗು ಒಡ್ಡಿದ ಮಾನ್ವೆಲ್ ಹಿಂದೆ ಸರಿದ. "ಸರ, ಜೇನಹುಟ್ಟಿ ಸತ್ತೈತಿ."

ಮೇಲಿನ ನಾತವೇ ಕೆಳಗೂ ಬರುತ್ತಿತ್ತು. ಅಂದಾನೆಪ್ಪ ಪುಡಿಯನ್ನು ಬೈದ, ಮುಂಬೈಯವರನ್ನು ಬೈದ, ಹೊಸ ಚೀಲ ಮಾಡಿದ. ಇಪ್ಪತ್ತೆಂಟು ದಿನ ಹಣ್ಣಿನ ವಾಸನೆ. ಮತ್ತೆ ಅಮಾವಾಸ್ಯೆ ಕಳೆದ ಮರುದಿನ ಸತ್ತಿತು. ಮೂರನೆಯದೂ ಹಾಗೆಯೇ ಹೋಯಿತು.

ಹಳಿಯಾಳದ ಕಡೆ ಅಂಗಡಿ, ಗಿರಣಿ ಇಟ್ಟವರೆಲ್ಲ ಅಮಾವಾಸ್ಯೆಗೆ ಲಕ್ಷ್ಮೀಪೂಜೆ ಮಾಡುತ್ತಾರೆ. ಯಂತ್ರ ತೊಳೆದು, ವಿಭೂತಿ ಹಚ್ಚಿ, ಹೂವು ಏರಿಸಿ ಕಾಯಿ ಒಡೆಯುತ್ತಾರೆ. ಚನಬಸಪ್ಪನ ಶೆಡ್ಡಿಗೂ ಅವತ್ತು ಸೂಟಿ. ಅಂದಾನೆಪ್ಪ ಹಿಂದಿನ ದಿನವೇ ಅಣ್ಣಿಗೇರಿಯ ಬಸ್ಸು ಹತ್ತುತ್ತಿದ್ದ. ಮಾನ್ವೆಲ್ ಒಳಗೆ ಬರುವ ಹಾಗೇ ಇರಲಿಲ್ಲ. ಚನಬಸಪ್ಪನ ತಾಯಿ ಶಿವಗಂಗವ್ವ ಮೊದಲನೇ ತಿಂಗಳೇ ಹೇಳಿದ್ದಳು: "ಪೂಜಾ ದಿವಸ ಮಾಂಸ ತಿನ್ನೂ ಮಂದಿ ಒಳಗ ಬರಬಾರದಪಾ. ಸಿಟ್ಟಾಗಬ್ಯಾಡ." ಮಾನ್ವೆಲ್ ಸಿಟ್ಟಾಗಿರಲಿಲ್ಲ. ಒಂದು ದಿನದ ಸೂಟಿ ಯಾರಿಗೆ ಬೇಡ?

ಆದರೆ ಮೂರನೆಯ ಚೀಲ ಸತ್ತ ದಿನ ಆ ಸೂಟಿಯೇ ಅವನ ಕೊರಳಿಗೆ ಬಂತು. ಅದೇ ವಾರ ಬೆಳಗಾವಿಯಲ್ಲಿ ಯಾರೋ ಇಂಥದೇ ಬಾಳೆಹಣ್ಣಿನ ಎಸೆನ್ಸ್ ಮಾರುತ್ತಿದ್ದಾರೆಂಬ ಸುದ್ದಿ ಬಂದಿತ್ತು. ಚನಬಸಪ್ಪ ಎರಡನ್ನೂ ಕೂಡಿಸಿದ. ಹಿಂದಿನ ಬಾಗಿಲಿನ ಚಿಲಕ ಸಡಿಲ. ಅಮಾವಾಸ್ಯೆಯ ಹಿಂದಿನ ಸಂಜೆ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ. ಒಳ್ಳೆಯ ಮಣಿ ತೆಗೆದು ಬರೀ ಮಣಿ ತುಂಬಿಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ.

"ಚೀಲ ತೋರಿಸೋ," ಅಂದ ಆ ಸಂಜೆ.

"ಯಾವ ಚೀಲರೀ ಸಾವ್ಕಾರ್ರ?"

"ನಿಂದು. ಬುತ್ತಿಚೀಲ."

ಮಾನ್ವೆಲ್ ಬುತ್ತಿಯ ಡಬ್ಬಿ ತೆಗೆದ. ಚನಬಸಪ್ಪ ಮುಟ್ಟಲಿಲ್ಲ, ಅಂದಾನೆಪ್ಪನಿಗೆ ಕಣ್ಣು ಮಾಡಿದ. ಅಂದಾನೆಪ್ಪ ಡಬ್ಬಿ ತೆರೆದು, ಅನ್ನದ ಅಗುಳನ್ನೂ ಬೆರಳಿನಿಂದ ಸರಿಸಿ ನೋಡಿದ. ಅಂಗಿಯ ಕಿಸೆಯನ್ನೂ ನೋಡಿದ. ಮಾನ್ವೆಲ್ ಅವನ ಮುಖವನ್ನೇ ನೋಡುತ್ತಿದ್ದ. ಅವನು ಮುಖ ಎತ್ತಲಿಲ್ಲ.

"ಅರಿವಿಯೆಲ್ಲಾ ಬಾಳೆಹಣ್ಣು ನಾರತಾವಲ್ಲೋ," ಅಂದ ಚನಬಸಪ್ಪ.

"ದಿನಾ ಅದರಾಗ ನಿಂದರ್ತೇನ್ರಿ. ಬಸ್ಸಿನಾಗ ಕಂಡಕ್ಟರ ಸೈತ ಹಣ್ಣಿನ ಬುಟ್ಟಿ ಎಲ್ಲಿಟ್ಟಿ ಅಂತ ಕೇಳ್ತಾನ."

ಯಾರೂ ನಗಲಿಲ್ಲ. "ಬರೂ ಅಮಾಸಿ ತನಕ ನೋಡ್ತೀನಿ," ಅಂದ ಚನಬಸಪ್ಪ. "ಮತ್ತ ಸತ್ತರ ಸೀದಾ ಠಾಣೆಗೆ ಹೋಗಾಂವ."

ಮನೆಯಲ್ಲಿ ಹೆಂಡತಿ ರೋಜಿ ಎಲ್ಲ ಕೇಳಿದಳು. "ಕೆಲಸ ಹೋದ್ರ ಹೋಗಲಿ," ಅಂದಳು. "ಕಳ್ಳ ಅಂತ ಹೆಸರು ಬಂತೋ, ನಮ್ಮ ಕೇರಿಯವರನ್ನ ಹಳಿಯಾಳದಾಗ ಯಾವ ಹೊಸ್ತಿಲಕ್ಕೂ ಬಿಡೂದಿಲ್ಲ. ನಿಂದೊಬ್ಬಂದ ಹೆಸರಲ್ಲ ಅದು."

ಅವತ್ತಿನಿಂದ ಮಾನ್ವೆಲ್‌ನ ಕಣ್ಣು ಬದಲಾಯಿತು. ಜೇನು ಇಳಿಸುವವನು ಮರ ನೋಡುವ ಹಾಗೆ ಶೆಡ್ಡಿನಲ್ಲಿದ್ದ ಒಬ್ಬೊಬ್ಬರನ್ನೂ ನೋಡತೊಡಗಿದ. ಮೊದಲ ಗುಮಾನಿ ಬಂದದ್ದು ಅಂದಾನೆಪ್ಪನ ಮೇಲೆ. ಪುಡಿಯ ಡಬ್ಬಿ ಇರುವ ಫ್ರಿಜ್ಜಿನ ಕೀಲಿ ಅವನ ಹತ್ತಿರ. ಅಮಾವಾಸ್ಯೆಗೊಮ್ಮೆ ದೊಡ್ಡ ಚೀಲ ಹೆಗಲಿಗೇರಿಸಿ ಊರಿಗೆ ಹೋಗುವವನೂ ಅವನೇ. ಅವನ ಚೀಲವನ್ನು ಯಾರು ಬಿಚ್ಚಿಸಿದ್ದರು?

ಒಂದು ಮಧ್ಯಾಹ್ನ ಸತ್ತ ಮೂರೂ ಚೀಲಗಳನ್ನು ಮೂಲೆಯಿಂದ ಎಳೆದು ಸಾಲಾಗಿ ಇಟ್ಟುಕೊಂಡು ಕೂತ. ಮೊದಲು ಕಣ್ಣಿಗೆ ಬಿದ್ದದ್ದು ಗಂಟು. ಮೂರರಲ್ಲೂ ಅವನ ಗಂಟು ಇರಲಿಲ್ಲ. ಸಣ್ಣಗೆ, ಒತ್ತೊತ್ತಾಗಿ, ದಾರವನ್ನು ಬೆರಳಿಗೆ ಸುತ್ತಿ ಎಳೆದ ಗಂಟು. ಅಂದಾನೆಪ್ಪನ ಗಂಟೇನು? ಅಂದಾನೆಪ್ಪ ಬೂಟಿನ ದಾರ ಕಟ್ಟಿದರೂ ಅದು ಸಿಕ್ಕಾಗುತ್ತಿತ್ತು, ಇದು ಅವನದಲ್ಲ. ಇಂಥ ಗಂಟು ಎಲ್ಲಿಯೋ ನೋಡಿದ್ದೇನೆ ಅನ್ನಿಸಿತು, ಎಲ್ಲಿ ಅಂತ ಹೊಳೆಯಲಿಲ್ಲ. ಚೀಲವನ್ನು ಮೂಗಿಗೆ ಹಿಡಿದ. ಕೆಟ್ಟ ತುಪ್ಪದ ನಾತದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಒಗರು ಒಗರಾದದ್ದು. ಅದೂ ಗೊತ್ತಿದ್ದ ವಾಸನೆಯೇ.

ಹೊಳೆದದ್ದು ಭಾನುವಾರ, ಮನೆಯ ಅಂಗಳದಲ್ಲಿ. ರೋಜಿ ಕಾಡಿನಿಂದ ಆರಿಸಿ ತಂದು ಒಣಗಿಸಿಟ್ಟ ಅಂಟವಾಳಕಾಯಿ ಒಡೆದು ಬೀಜ ಬೇರೆ ಮಾಡುತ್ತಿದ್ದಳು. ನಾಲ್ಕು ಸಿಪ್ಪೆ ಬಿಸಿನೀರಿಗೆ ಹಾಕಿ ಅರಿವೆ ತಿಕ್ಕಿದಳು. ನೊರೆ ಎದ್ದಿತು. ಮಾನ್ವೆಲ್ ಎದ್ದು ಬಂದು ಆ ನೊರೆಯ ಮೇಲೆ ಬಗ್ಗಿ ಉಸಿರೆಳೆದ.

"ಏನಾತು ನಿನಗ?"

"ಈ ಅಂಟವಾಳ ಹಳಿಯಾಳದಾಗ ಯಾರಿಗೆ ಕೊಡ್ತಿ?"

"ಯಾರ್ಯಾರಿಗೋ. ನಿಮ್ಮ ಸಾವ್ಕಾರ್ರ ಮನಿ ಅವ್ವಾರು ತಿಂಗಳಿಗೆ ಒಂದು ಸೇರು ತಗೋತಾರ. ಹಬ್ಬದ ಮುಂದ ಬೇಕ ಬೇಕು ಅವರಿಗೆ."

ಗಂಟೂ ಆಗಲೇ ನೆನಪಾಯಿತು. ಶಿವಗಂಗವ್ವ ಪಡಸಾಲೆಯಲ್ಲಿ ಕೂತು ಪೂಜೆಗೆ ಮಾಲೆ ಕಟ್ಟುವಾಗ ಹೂವಿನ ತೊಟ್ಟಿಗೆ ಹಾಕುವ ಗಂಟು ಅದು.

ಅಂದಾನೆಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು: ಎಣ್ಣೆಯಲ್ಲಿ ಎಷ್ಟು ದಿನ ಇದ್ದರೂ ಕಿಣ್ವ ಮಣಿ ಬಿಡುವುದಿಲ್ಲ, ನೊರೆನೀರು ತಾಗಿದರೆ ಬಿಟ್ಟುಹೋಗುತ್ತದೆ, ಕುದಿನೀರು ತಾಗಿದರೆ ಸಾಯುತ್ತದೆ. ಅದಕ್ಕೆ ಶೆಡ್ಡಿನವರು ಯಾರೂ ಚೀಲಕ್ಕೆ ನೀರು ಸೋಕಿಸುತ್ತಿರಲಿಲ್ಲ. ಮನೆಯವರಿಗೆ ಆ ಮಾತು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

"ಹೋಗಿ ಹೇಳು ಹಂಗಾರ," ಅಂದಳು ರೋಜಿ.

"ಏನಂತ? ನಿಮ್ಮ ತಾಯಿ ಕೆಡಿಸ್ಯಾರ ಅಂತನ? ಕಳವು ನನ್ನ ಮ್ಯಾಲೆ ಐತಿ. ನಾ ಯಾರ ಕಡೆ ಬೊಟ್ಟು ಮಾಡಿದ್ರೂ ಕಳ್ಳನ ಬೊಟ್ಟ ಅದು."

ಮೂರು ದಿನ ಅದನ್ನೇ ನೆನೆಸುತ್ತಿದ್ದ. ನಾಲ್ಕನೆಯ ದಿನ ಅಂದಾನೆಪ್ಪನ ಮುಂದೆ ಹೋಗಿ ನಿಂತ.

"ಸರ, ಈ ಸರತಿ ಚೀಲ ಎರಡು ಮಾಡ್ರಿ. ಎರಡಕ್ಕೂ ಅದ ಪುಡಿ, ಅದ ನೀರು, ಅದ ನೆರಳು. ಒಂದು ನೀವ ಅಣ್ಣಿಗೇರಿಗೆ ಒಯ್ರಿ. ಒಂದು ಕೊಳವಿಯೊಳಗ ಇರಲಿ."

ಅಂದಾನೆಪ್ಪ ಅವನನ್ನು ನೋಡಿದ. ಇದರಲ್ಲಿ ಏನೋ ಮಸಲತ್ತಿದೆ ಅಂದುಕೊಂಡ. "ನೀ ಅವತ್ತ ಎಲ್ಲಿರ್ತಿ?"

"ಯಾರೂ ಸುಳ್ಳನ್ನಲಾರದ ಜಾಗಾದಾಗ."

ಇದು ಮಾನ್ವೆಲ್‌ನನ್ನು ಹಿಡಿಯಲೂ ಚಲೋ ಬಲೆ ಎಂದು ಅಂದಾನೆಪ್ಪನಿಗೆ ತೋಚಿತು. ಒಪ್ಪಿದ. ಹಾಗಂತ ಆಮೇಲೆ ಅವನೇ ಮಾನ್ವೆಲ್‌ನ ಮುಂದೆ ಒಪ್ಪಿಕೊಂಡಿದ್ದಾನೆ.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಎರಡೂ ಚೀಲಗಳನ್ನು ಒಂದಾದ ಮೇಲೊಂದು ಕೊಳವೆಗೆ ಇಳಿಬಿಟ್ಟು, ಎರಡರಲ್ಲೂ ಹಣ್ಣಿನ ವಾಸನೆ ಬರುವುದನ್ನು ಚನಬಸಪ್ಪನಿಗೆ ತೋರಿಸಿದರು. ಒಂದು ಚೀಲವನ್ನು ಅಂದಾನೆಪ್ಪ ಡಬ್ಬಿಗೆ ಹಾಕಿ ಒಯ್ದ. ಮಾನ್ವೆಲ್ ಮಾತ್ರ ಕೇರಿಗೆ ಹೋಗಲಿಲ್ಲ. ಎಲ್ಲರ ಕಣ್ಣೆದುರಿಗೇ ಚನಬಸಪ್ಪನ ಮನೆಯ ಮುಂಬಾಗಿಲಿನಿಂದ ಹೊರಟು ನೇರ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ಕೂತ.

"ಏನಪಾ, ಯಾರ ಮ್ಯಾಲೆ ಫಿರ್ಯಾದಿ?" ಅಂದ ಹವಾಲ್ದಾರ.

"ಯಾರ ಮ್ಯಾಲೂ ಇಲ್ರಿ ಸಾಹೇಬ್ರ. ನನ್ನ ಮ್ಯಾಲೆ ಬರೂದೈತಿ. ಬಂದಾಗ ನಿಮಗ ಹುಡುಕೂ ತ್ರಾಸು ಬ್ಯಾಡಂತ ಮೊದಲ ಬಂದೇನಿ."

ಹವಾಲ್ದಾರನಿಗೆ ನಗು ತಡೆಯಲಿಲ್ಲ. "ನಮ್ಮ ಸರ್ವಿಸಿನಾಗ ಇಂಥಾಂವನ್ನ ನೋಡಿಲ್ಲ. ಕುಂದರಪಾ, ಕುಂದರು." ಅಮಾವಾಸ್ಯೆ ಕಳೆದು ಬೆಳಗಾಗುವ ತನಕ ಮಾನ್ವೆಲ್ ಠಾಣೆಯ ಅಂಗಳ ಬಿಟ್ಟು ಹೋಗಲಿಲ್ಲ. ಠಾಣೆಯವರೇ ಚಹಾ ಕೊಟ್ಟರು. ಅಂಗಳ ಗುಡಿಸಿಕೊಟ್ಟ.

ಪಾಡ್ಯದ ಬೆಳಗ್ಗೆ ಎಲ್ಲರೂ ಶೆಡ್ಡಿನಲ್ಲಿ ನಿಂತರು. ಅಣ್ಣಿಗೇರಿಯಿಂದ ಬಂದ ಚೀಲದ ಕೆಳಗೆ ಬಾಳೆಹಣ್ಣು. ಕೊಳವೆಯಲ್ಲಿದ್ದ ಚೀಲದ ಕೆಳಗೆ ಕೆಟ್ಟ ತುಪ್ಪ.

"ನೀ ಎಲ್ಲಿದ್ದೀ?" ಅಂದ ಚನಬಸಪ್ಪ.

"ಠಾಣೆದಾಗರೀ. ಮೊನ್ನೆ ಮಧ್ಯಾಹ್ನದಿಂದ. ಹವಾಲ್ದಾರ ಸಾಹೇಬ್ರನ್ನ ಕೇಳ್ರಿ."

ಚನಬಸಪ್ಪನ ಕಣ್ಣು ಒಬ್ಬರಿಂದ ಒಬ್ಬರ ಮೇಲೆ ಹರಿಯಿತು, ಹಿಂಬಾಗಿಲಿನ ಚಿಲಕದ ಮೇಲೂ ಹರಿಯಿತು. ಅಷ್ಟರಲ್ಲಿ ಶಿವಗಂಗವ್ವ ಚಹಾದ ಕಿತ್ತಲಿ ಹಿಡಿದು ಬಂದಳು. ಅಂದಾನೆಪ್ಪನ ಕೈಯಲ್ಲಿದ್ದ ಸತ್ತ ಚೀಲ ನೋಡಿದಳು.

"ಯಾಕ, ಮತ್ತ ಹೊಲಸಾತೇನು? ಮೊನ್ನೆನ ಚೊಕ್ಕ ತೊಳದೇನಲ್ಲ."

ಅಂದಾನೆಪ್ಪ ಚೀಲವನ್ನು ಮೂಗಿಗೆ ಹಿಡಿದ.

"ನೀ ತೊಳದಿ?" ಅಂದ ಮಗ.

"ಮತ್ತ್ಯಾರು ತೊಳೀತಾರ? ತಿಂಗಳಗಟ್ಟಲೆ ನೀರು ಕಾಣದ ಮುಸುರಿ ಚೀಲ ಅದು. ಕೆಟ್ಟ ತುಪ್ಪ ನಾರತೈತಿ. ಹಂಗ ಇಟ್ಟುಕೊಂಡು ಲಕ್ಷ್ಮಿಗೆ ಕಾಯಿ ಒಡೀತಿಯೇನೋ ಚೆನ್ನೂ? ಅಂಟವಾಳ ಹಾಕಿ, ಕುದಿನೀರಾಗ ಅದ್ದಿ ಅದ್ದಿ, ಬಿಸಿಲಿಗೆ ಹಾಕಿ, ತಿರುಗಿ ಇಟ್ಟೇನಿ. ಯುಗಾದಿ ಆದಾಗಿಂದ ತಿಂಗಳಾ ತೊಳೀತೇನಿ."

"ಯಾಕ ಹೇಳಲಿಲ್ಲಬೇ?"

"ಯಾರರ ಕೇಳಿದ್ರೇನು ನನ್ನ?"

ನಿಜ. ಮೂರು ತಿಂಗಳಲ್ಲಿ ಎಲ್ಲರೂ ಎಲ್ಲರ ಮೇಲೆ ಕಣ್ಣಿಟ್ಟಿದ್ದರು. ಬಾಯಿ ಬಿಟ್ಟು ಆ ಮುದುಕಿಯನ್ನು ಒಬ್ಬರೂ ಕೇಳಿರಲಿಲ್ಲ. ಶಿವಗಂಗವ್ವ ಮಾನ್ವೆಲ್‌ನ ಕಡೆ ತಿರುಗಿ, ಹೊಗಳುವ ದನಿಯಲ್ಲೇ ಅಂದಳು: "ನಿನ್ನ ಹೆಂಡತಿ ಕೊಡೂ ಅಂಟವಾಳ ಭಾಳ ಚಲೋ ನೋಡಪಾ. ಏನು ನೊರಿ ಬರ್ತೈತಿ!"

ಚನಬಸಪ್ಪನ ಮುಖ ಮತ್ತೆ ಬಿಗಿಯಿತು. "ಹೌದ? ಅಂಟವಾಳ ಇವರ ಮನೀದ?"

ಅಂದಾನೆಪ್ಪ ನಡುವೆ ಬಂದ. "ಸಾಕು ಬಿಡ್ರಿ ಸಾವ್ಕಾರ್ರ. ಅನ್ನದ ಡಬ್ಯಾಗ ಕೈ ಹಾಕಿದಾಂವ ನಾನು. ಅದೊಂದ ಸಾಕಾಗೈತಿ ನನಗ."

ಠಾಣೆಯ ಮಾತು ಅಲ್ಲಿಗೆ ನಿಂತಿತು. ಅವತ್ತಿನಿಂದ ಅಂದಾನೆಪ್ಪ ಮಾನ್ವೆಲ್‌ನ ಸಂಗಡ ಒಂದೇ ಡಬ್ಬಿಯಲ್ಲಿ ಉಂಡ. ಆದರೆ ಕೇಳಿದವರಿಗೆ ಚನಬಸಪ್ಪ ನಡೆದದ್ದನ್ನು ಹೇಳಲಿಲ್ಲ. ತಾಯಿಯ ಹೆಸರು ಹೇಗೆ ಹೇಳುವುದು? "ಏನೋ ಆಗಿತ್ತು, ಸರಿಯಾತು" ಅನ್ನುತ್ತಿದ್ದ. ಆ ಏನೋ ಎಂಬಲ್ಲಿ ಊರು ಮಾನ್ವೆಲ್‌ನ ಹೆಸರನ್ನು ತಾನೇ ತುಂಬಿಕೊಂಡಿತು.

ಒಂದು ತೊಡಕು ಉಳಿದಿತ್ತು. ಮಣಿ, ಕಿಣ್ವ ಅಂತ ಮಗ ಎಷ್ಟು ಹೇಳಿದರೂ ಶಿವಗಂಗವ್ವ ಬಗ್ಗಲಿಲ್ಲ. "ತೊಳೀಬ್ಯಾಡ ಅಂದ್ರ ತೊಳೀದಿಲ್ಲ. ಆದ್ರ ಅಮಾಸಿ ದಿವಸ ಆ ಹೊಲಸು ಈ ಜಾಗಾದಾಗ ಇರಬಾರದು." ಚೀಲ ಹೊರಗೆ ಹೋಗಲೇಬೇಕು. ಅಣ್ಣಿಗೇರಿಯ ತನಕ ಎರಡು ಬಸ್ಸಿನ ಕಾವಿನಲ್ಲಿ ತಿಂಗಳಾ ಒಯ್ದರೆ ಕೆಡುತ್ತದೆ ಎಂದ ಅಂದಾನೆಪ್ಪ. ತಣ್ಣಗೆ ಇಡಬಲ್ಲ ಮನೆ ಒಂದೇ ಇತ್ತು. ಮಾನ್ವೆಲ್‌ನ ಗುಡಿಸಲಿನಲ್ಲಿ ಹಸಿ ಉಸುಕಿನಲ್ಲಿ ಕತ್ತಿನ ತನಕ ಹೂತ ಮಣ್ಣಿನ ಗಡಿಗೆ, ಜೇನು ಕೆಡದಂತೆ ಇಡುವಂಥದು.

ಹೀಗೆ ಮಣಿಗಳ್ಳ ಅನ್ನಿಸಿಕೊಂಡವನ ಕೈಗೇ ಸಾವ್ಕಾರ ಪ್ರತಿ ಅಮಾವಾಸ್ಯೆಗೂ ಮಣಿಚೀಲ ಕೊಟ್ಟ. ಒಯ್ಯುವಾಗ ತೂಗುವುದು, ತಂದಾಗ ತೂಗುವುದು. ಉಳಿದ ದಿನ ಸಂಜೆ ಬುತ್ತಿಚೀಲ ನೋಡುವ ರೂಢಿಯೂ ನಿಲ್ಲಲಿಲ್ಲ. ಮಾನ್ವೆಲ್ ಕೇಳುವ ಮೊದಲೇ ಚೀಲದ ಬಾಯಿ ತೆರೆದು ಹಿಡಿಯುತ್ತಿದ್ದ. "ಬ್ಯಾಡ ಅನ್ನೋ ಒಂದಿನ," ಎಂದು ಅಂದಾನೆಪ್ಪ ಜಗಳಾಡಿದ್ದುಂಟು.

"ಇರ್ಲಿ ಬಿಡ್ರಿ ಸರ," ಅನ್ನುತ್ತಿದ್ದ. "ಅವರ ಕಣ್ಣಿಗೆ ಸಮಾಧಾನ ಆಗ್ಲಿ. ತೂಕ ನನ್ನ ಪರವಾಗಿ ಮಾತಾಡ್ತೈತಿ."

ಮೂರು ವರ್ಷಕ್ಕೂ ಮೀರಿ ಹಾಗೆ ನಡೆಯಿತು. ಆ ಚೀಲಗಳು ಮೂರಲ್ಲ, ನಾಲ್ಕು ತಿಂಗಳು ಬಾಳಿದವು.

ಈ ಸಲದ ಅಮಾವಾಸ್ಯೆಯ ಬೆಳಗ್ಗೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದವನು ಎದೆ ಹಿಡಿದು ಕೂತ. ಸಾಂಬ್ರಾಣಿಯಿಂದ ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ಐವತ್ತೊಂದು ವಯಸ್ಸು. ಮಣಿಚೀಲ ಗಡಿಗೆಯಲ್ಲೇ ಇತ್ತು. ಮಣ್ಣು ಮಾಡಿದ ಮರುದಿನ ರೋಜಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹಳಿಯಾಳಕ್ಕೆ ಬಂದಳು.

ಚನಬಸಪ್ಪ ತಕ್ಕಡಿಗೆ ಇಟ್ಟ. ಮುಳ್ಳು ಒಯ್ದ ದಿನದ ಗೆರೆಯ ಮೇಲೇ ನಿಂತಿತು. ಅವನು ಮುಳ್ಳು ನೋಡುತ್ತ ನಿಂತವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, ರೂಢಿಯೋ ಏನೋ, ಅವನ ಕಣ್ಣು ರೋಜಿಯ ಕೈಚೀಲದ ಮೇಲೆ ಹೋಯಿತು. ರೋಜಿ ಗಂಡನ ಹಾಗೆಯೇ, ಕೇಳುವ ಮೊದಲೇ ಬಾಯಿ ತೆರೆದು ಹಿಡಿದಳು. ಒಳಗೆ ಅಂಟವಾಳಕಾಯಿ ಇತ್ತು.

"ಅವ್ವಾರಿಗೆ," ಅಂದಳು. "ತಿಂಗಳದ್ದು."

ಚನಬಸಪ್ಪ ಮುಖ ತಿರುಗಿಸಿ ಮನೆಯೊಳಗೆ ನಡೆದ. ಅವನ ತಾಯಿ ಹೊರಗೆ ಬಂದು, ಕಾಯಿ ಇಸಿದುಕೊಂಡು, ರೋಜಿಯನ್ನು ಕಟ್ಟೆಯ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

ಅಂದಾನೆಪ್ಪ ಚೀಲವನ್ನು ಕೊಳವೆಗೆ ಇಳಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಬಾಳೆಹಣ್ಣಿನ ವಾಸನೆ ಬಂತು. ಅದನ್ನು ಮೂಗಿನಿಂದ ಹೇಳುವವರು ಈಗ ಇಲ್ಲ. ಅರ್ಧ ತಾಸು ಪರೀಕ್ಷೆ ಮಾಡಿ ನೋಡಬೇಕು. ಚೀಲದ ಬಾಯಲ್ಲಿ ಮಾನ್ವೆಲ್ ಹಾಕಿದ ಗಂಟು ಹಾಗೇ ಇದೆ. ಮಣಿ ಸವೆದ ದಿನ ಅದನ್ನು ಬಿಚ್ಚಬೇಕಾಗುತ್ತದೆ. ಅದಕ್ಕೆ ಇನ್ನೂ ಎರಡು ತಿಂಗಳಿದೆ.